ಹನ್ನೆರಡನೇ ಬಚ್ಚಲಿಗೆ ಬಾಗಿಲಿರಲಿಲ್ಲ

ಬಾಗಿಲು ತೆಗೆದು ನೋಡಿದೆ. ಮತ್ತೆ ಬಂದಿತ್ತು.

ಬಿಳಿ ಹುಡಿ. ಟೈಲ್ಸಿನ ಸಂದುಸಂದಿನಲ್ಲೂ ಯಾರೋ ಬೇಕೆಂದೇ ಹಿಟ್ಟು ಉದುರಿಸಿಟ್ಟ ಹಾಗೆ. ಎರಡು ದಿನದ ಹಿಂದೆ ಮಧ್ಯಾಹ್ನವಿಡೀ ಸೊಂಟ ಬೀಳುವ ತನಕ ಉಜ್ಜಿ ತೊಳೆದ ನೆಲ ಅದು. ಅದಕ್ಕೆ ಮುಂಚೆಯೂ ತೊಳೆದಿದ್ದೆ, ಅದಕ್ಕೂ ಮುಂಚೆಯೂ ತೊಳೆದಿದ್ದೆ. ಇನ್ನು ತೊಳೆದರೆ ಆರನೇ ಸಲ. ಕೈಯಲ್ಲಿದ್ದ ಬಕೆಟ್ಟನ್ನು ಗೋಡೆಗೆ ಎತ್ತಿ ಬಡಿಯೋಣವೆನ್ನಿಸಿತು. ಬಡಿಯಲಿಲ್ಲ, ಯಾಕೆಂದರೆ ಗೋಡೆಯ ಟೈಲ್ಸೂ ನಾನೇ ಹಾಕಿದ್ದು.

ಇಪ್ಪತ್ತೆರಡು ವರ್ಷದಿಂದ ನನಗೆ ಇದೇ ಕೆಲಸ. ಜೊತೆಯವರು ನನ್ನನ್ನು ಕರೆಯುವುದು 'ಲೆವೆಲ್' ಎಂದು. ಊಟದ ಮೇಜಿನ ಮೇಲೂ ರಸಮಟ್ಟ ಇಟ್ಟು ನೋಡುತ್ತೇನೆಂದು ಗೇಲಿಗೆ ಇಟ್ಟ ಹೆಸರು. ಒಂದು ಸಲ ಇಟ್ಟು ನೋಡಿದ್ದೂ ಹೌದು, ಮೇಜು ಓರೆಯಾಗಿದ್ದೂ ಹೌದು. ನನ್ನ ನೆಲದ ಮೇಲೆ ಗೋಲಿ ಇಟ್ಟರೆ ನೀರು ಹೋಗುವ ದಿಕ್ಕಿಗೇ ಉರುಳಬೇಕು. ಹಾಗೆ ಉರುಳದ ಒಂದು ನೆಲವನ್ನೂ ನಾನು ಇದುವರೆಗೆ ಯಾರಿಗೂ ಒಪ್ಪಿಸಿದವನಲ್ಲ.

ಈಗಿನದು ನರ್ಸುಗಳ ಹಾಸ್ಟೆಲ್ಲು. ಮೂರನೇ ಮಹಡಿಯಲ್ಲಿ ಉದ್ದನೆಯ ಕಾರಿಡಾರು, ಅದರ ಒಂದು ಬದಿಗೆ ಸಾಲಾಗಿ ಹನ್ನೆರಡು ಬಚ್ಚಲು. ನೆಲ, ಗೋಡೆ ನನ್ನದು. ನಲ್ಲಿ, ಶವರು, ನೀರು ಇಳಿಯುವ ಜಾಲರಿ ಎಲ್ಲ ಭಾವನದು. ಭಾವ ಅಂದರೆ ನಮ್ಮ ಅಕ್ಕನ ಗಂಡ. ಹದಿನೆಂಟು ವರ್ಷದಿಂದ ನಾವಿಬ್ಬರೂ ಎಲ್ಲಿ ಹೋದರೂ ಜೊತೆಗೇ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರು ಬಾಯಿ ಬಿಡಬೇಕಾದರೆ ಪೈಪು ಒಡೆದಿರಬೇಕು. ಅವರು ಸ್ಪ್ಯಾನರು ತಿರುಗಿಸುವಾಗ ನಾನು ಕೆಳಗಿನಿಂದ ನಲ್ಲಿ ಹಿಡಿದುಕೊಳ್ಳುತ್ತೇನೆ, ನಾನು ದೊಡ್ಡ ಟೈಲ್ಸ್ ಎತ್ತುವಾಗ ಅವರು ಆ ತುದಿ ಹಿಡಿಯುತ್ತಾರೆ. ಮಾತಾಡುವ ಅಗತ್ಯವೇ ಬೀಳುವುದಿಲ್ಲ.

ಟೈಲ್ಸ್ ಹಾಕಿ ಸಂದು ತುಂಬಿದ ಮೇಲೆ ಮೇಲೆಲ್ಲ ಸಿಮೆಂಟಿನ ಪೊರೆ ಉಳಿಯುತ್ತದೆ. ಅದನ್ನು ತೆಗೆಯುವುದು ಆಸಿಡ್ಡಿನಲ್ಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುರಿದರೆ ಬುಸ್ಸೆಂದು ನೊರೆ ಎದ್ದು, ಬೂದು ಬಣ್ಣ ಹರಿದುಹೋಗಿ, ಕೆಳಗಿನ ಹೊಳಪು ಕಾಣಿಸುತ್ತದೆ. ತೊಳೆದ ಮೇಲೆ ಬಾಗಿಲಿಗೆ ಬೀಗ ಜಡಿದು ಕೀಲಿಕೈ ಜೇಬಿಗೆ ಹಾಕಿಕೊಳ್ಳುವುದು ನನ್ನ ಪದ್ಧತಿ. ದೂಳು ಬರಬಾರದೆಂದು ಗಾಳಿಕಿಂಡಿಗೂ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇನೆ. ಬಣ್ಣದವರು, ವೈರಿನವರು ಬೂಟುಗಾಲಲ್ಲಿ ನುಗ್ಗಿ ನನ್ನ ನೆಲ ಹಾಳು ಮಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಎಲ್ಲ ಕಡೆಯೂ ನನ್ನ ತೊಳೆಯುವ ಕೆಲಸ ಮುಗಿದ ಮೇಲೆಯೇ ಭಾವ ನಲ್ಲಿ ಕೂರಿಸುತ್ತಿದ್ದರು. ಇಲ್ಲಿ ಎಂಜಿನಿಯರಮ್ಮನಿಗೆ ಅವಸರ. ನರ್ಸುಗಳು ಬರುವ ದಿನ ಗೊತ್ತಾಗಿದೆ, ಮೊದಲು ನಲ್ಲಿ ಕೂರಿಸಿ ನೀರು ಬಿಟ್ಟು ತೋರಿಸಿ ಎಂದಳು. ಕೂರಿಸಿದೆವು. ಆಮೇಲೆ ನಾನು ತೊಳೆದೆ, ಬೀಗ ಹಾಕಿದೆ. ಹುಡಿ ಬಂತು. ಮತ್ತೆ ತೊಳೆದೆ. ಮತ್ತೆ ಬಂತು. ಸಿಮೆಂಟು ಬೈದೆ, ಮರಳು ಬೈದೆ, ತೊಟ್ಟಿಯ ನೀರು ಬೈದೆ. ಹೀಗೇ ಮೂರು ವಾರ ಕಳೆಯಿತು.

ಆ ಸೋಮವಾರ ಬಕೆಟ್ಟು ಹಿಡಿದು ನಾನು ಹುಡಿ ನೋಡುತ್ತಿರುವಾಗಲೇ ಹಿಂದೆ ಎಂಜಿನಿಯರಮ್ಮನ ಚಪ್ಪಲಿಯ ಸದ್ದು ಕೇಳಿಸಿತು. ಇವತ್ತು ಉಗಿಸಿಕೊಳ್ಳುವುದು ಗ್ಯಾರಂಟಿ ಅಂದುಕೊಂಡೆ. ಆದರೆ ಅವಳು ನೆಲ ನೋಡಲೇ ಇಲ್ಲ. ನಲ್ಲಿ ನೋಡಿದಳು.

ನಾನೂ ಆಗಲೇ ಸರಿಯಾಗಿ ನೋಡಿದ್ದು. ನಲ್ಲಿಯ ಮೈಮೇಲೆಲ್ಲ ಕಂದು ಚುಕ್ಕೆ, ತಿರುಗಿಸುವ ಸಂದಿನಲ್ಲಿ ಹಸಿರು ಹುಡಿ. ಶವರು ಮಂಕಾಗಿತ್ತು. ಜಾಲರಿಯಂತೂ ಹತ್ತು ವರ್ಷ ಹಳೆಯದು ಅನ್ನಬೇಕು. ಅವಳು ಒಂದೊಂದೇ ಬಚ್ಚಲು ತೆಗೆಸಿ ನೋಡಿದಳು. ಹನ್ನೊಂದರಲ್ಲೂ ಅದೇ ಗತಿ. ಹನ್ನೆರಡನೆಯದರಲ್ಲಿ ಮಾತ್ರ ನಲ್ಲಿ ಫಳಫಳ ಹೊಳೆಯುತ್ತಿತ್ತು. ಅವಳು ಭಾವನನ್ನು ಕರೆಸಿದಳು.

"ಡಬ್ಬ ತೋರಿಸುವಾಗ ಅಸಲಿ, ಕೂರಿಸುವಾಗ ನಕಲಿ. ಅಲ್ವಾ?"

"ಇಲ್ಲ ಮೇಡಂ. ಎಲ್ಲ ಒಂದೇ ಡಬ್ಬದ್ದು," ಎಂದರು ಭಾವ.

"ಹಾಗಾದ್ರೆ ಇದೊಂದು ಯಾಕೆ ಚೆನ್ನಾಗಿದೆ? ನನಗೆ ತೋರಿಸೋಕೆ ಅಂತ ಒಂದು ಅಸಲಿ ಹಾಕಿದ್ದೀರಿ. ಉಳಿದ ಅಸಲಿ ಮಾಲೆಲ್ಲ ಎಲ್ಲಿಗೆ ಹೋಯ್ತು?"

ಭಾವ ಬಗ್ಗಿ ಆ ನಲ್ಲಿಯನ್ನು ತಿರುಗಿಸಿ ನೀರು ಬಿಟ್ಟು ನೋಡಿದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅವಳು ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದಳು. ನನ್ನ ನೆಲ ಅವಳ ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು. "ಅಂಗಡಿಯವನು ಭಾವನಿಗೆ ಟೋಪಿ ಹಾಕಿರಬೇಕು ಮೇಡಂ," ಎಂದುಬಿಟ್ಟೆ. ಸಹಾಯ ಮಾಡಿದೆ ಅಂದುಕೊಂಡೆ. ಅಂದರೆ ಮಾಲು ನಕಲಿ ಎಂದು ಒಪ್ಪಿಕೊಂಡ ಹಾಗಾಯಿತು. ಭಾವ ನನ್ನನ್ನೊಮ್ಮೆ ನೋಡಿ, ಕೆಟ್ಟ ನಲ್ಲಿಗಳಲ್ಲಿ ಮೂರು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಶುಕ್ರವಾರ ಬೇರೆ ನಲ್ಲಿಯವನು ಬರುತ್ತಾನೆ ಎಂದಳು ಎಂಜಿನಿಯರಮ್ಮ. ಊರಿನ ಅರ್ಧಕ್ಕರ್ಧ ಕಟ್ಟಡ ಅವಳ ಕೈಯಲ್ಲೇ ಏಳುವುದು. ಅವಳು ಕಳ್ಳನೆಂದರೆ ಭಾವನನ್ನು ಇನ್ನು ಯಾರೂ ಒಳಗೆ ಬಿಡುವುದಿಲ್ಲ.

ಮಂಗಳವಾರ ಬೆಳಗ್ಗೆ ಆಸಿಡ್ ತರಲು ಹೋದೆ. ಆ ಅಂಗಡಿ ನಡೆಸುವುದು ಒಬ್ಬಳು ಅಜ್ಜಿ. ಒಳಗೆ ಕುರ್ಚಿ ಪ್ಲಾಸ್ಟಿಕ್ಕಿನದು, ಕಪಾಟು ಮರದ್ದು, ಅಳೆಯುವ ಲೋಟ ಪ್ಲಾಸ್ಟಿಕ್ಕಿನದು. ಅವಳ ಕನ್ನಡಕದ ಕಾಲನ್ನು ದಾರದಿಂದ ಕಟ್ಟಿತ್ತು.

"ಇದು ಎಷ್ಟನೇ ಕ್ಯಾನಪ್ಪ? ಕುಡೀತಾ ಇದ್ದೀಯೋ ಹೇಗೆ?"

"ತಮಾಷೆ ಬೇಡ ಅಜ್ಜಿ. ತೊಳೆದಷ್ಟೂ ಬೆಳ್ಳಗೆ ಬರ್ತಾ ಇದೆ. ನಿಮ್ಮ ಆಸಿಡ್ಡಲ್ಲಿ ದಮ್ಮೇ ಇಲ್ಲ. ನೀರು ಬೆರೆಸ್ತೀರಾ?"

ಅಜ್ಜಿಗೆ ಪಿತ್ತ ನೆತ್ತಿಗೇರಿತು. ಒಂದು ಲೋಟದಲ್ಲಿ ಎರಡು ಬೆರಳಷ್ಟು ಆಸಿಡ್ ಹಾಕಿ, ಮೂಲೆಯಲ್ಲಿದ್ದ ಸುಣ್ಣದ ಮೂಟೆಯಿಂದ ಒಂದು ಚಿಟಿಕೆ ತೆಗೆದು ಅದಕ್ಕೆ ಹಾಕಿದಳು. ಇನ್ನೊಂದು ಚಿಟಿಕೆ. ಇನ್ನೊಂದು. ಸುಣ್ಣ ಕಾಣದಂತಾಯಿತು.

"ಲೋಟ ಮುಟ್ಟಿ ನೋಡು."

ಬಿಸಿಯಾಗಿತ್ತು.

"ಎಲ್ಲಿ ಹೋಯ್ತು ಸುಣ್ಣ?"

"ಕರಗ್ತು."

"ಕರಗಿ ಏನಾಯ್ತು?" ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. "ಇನ್ನೂ ಹಾಕ್ತಾ ಹೋದ್ರೆ ಆಸಿಡ್ಡೂ ತೀರ್ತದೆ. ಆಮೇಲೆ ಅದರಲ್ಲಿರೋದು ಉಪ್ಪು, ನೀರು, ಅಷ್ಟೇ. ಅಡುಗೆಗೆ ಹಾಕೋ ಉಪ್ಪಲ್ಲ, ಅದರ ದಾಯಾದಿ. ಈಗ ಕಾಣಿಸೋದಿಲ್ಲ. ನೀರು ಆರಿದ ಮೇಲೆ ಬೆಳ್ಳಗೆ ಕೂತಿರುತ್ತೆ. ನಿನ್ನ ಸಂದಿನ ಸಿಮೆಂಟಲ್ಲಿ ಇರೋದೇನು? ಸುಣ್ಣಾನೇ. ಸಂದು ತುಂಬಿ ಎಷ್ಟು ದಿನ ಬಿಟ್ಟು ತೊಳೆದೆ?"

"ಮಾರನೇ ದಿನ. ಇಲ್ಲಿ ಅವಸರ ಇತ್ತಲ್ಲ."

"ಇನ್ನೂ ಹಸಿ. ಆಸಿಡ್ಡನ್ನ ಒಳಗಿನ ತನಕ ಕುಡಿದಿರುತ್ತೆ. ನೀನು ಹಾಕಿದಷ್ಟೂ ಉಪ್ಪಾಗಿ ಮೇಲೆ ಬರ್ತಾ ಇದೆ."

"ಅಂದ್ರೆ, ನಾನು ಇಷ್ಟು ದಿನ ತೊಳೀತಾ ಇದ್ದಿದ್ದು..."

"ತೊಳೀತಾ ಇರ್ಲಿಲ್ಲ. ತಯಾರಿಸ್ತಾ ಇದ್ದೆ."

ಮೂರು ವಾರದ ಸೊಂಟನೋವು ಒಂದೇ ಸಲ ನೆನಪಾಯಿತು. ಇಪ್ಪತ್ತೆರಡು ವರ್ಷದ ಕೆಲಸಗಾರ ನಾನು, ಉಪ್ಪಿನ ಕಾರ್ಖಾನೆ ಇಟ್ಟುಕೊಂಡಿದ್ದೆ. ಅಜ್ಜಿ ದಾರಿ ಹೇಳಿಕೊಟ್ಟಳು. ಇನ್ನು ಆಸಿಡ್ ಮುಟ್ಟಬೇಡ. ವಾಷಿಂಗ್ ಸೋಡಾ ನೀರಿನಲ್ಲಿ ತೊಳಿ, ಉಳಿದ ಆಸಿಡ್ಡನ್ನು ಅದು ತಣ್ಣಗೆ ಮಾಡುತ್ತದೆ. ಆಮೇಲೆ ಬರೀ ನೀರು, ಬಕೆಟ್ಟುಗಟ್ಟಲೆ, ಎರಡು ದಿನ. ಮುಂದೆ ಎಲ್ಲಾದರೂ ಆಸಿಡ್ ಹಾಕುವುದಾದರೆ ಮೊದಲು ಸಂದಿಗೆ ಹೊಟ್ಟೆ ತುಂಬ ನೀರು ಕುಡಿಸು.

"ಬಾಗಿಲು ಕಿಟಕಿ ಮಾತ್ರ ತೆಗೆದಿಡು," ಎಂದಳು. "ಆಸಿಡ್ಡಿಗೆ ಸುಣ್ಣ ಆದ್ರೂ ಸೈ, ಕಬ್ಬಿಣ ಆದ್ರೂ ಸೈ. ಕೈಗೆ ಸಿಕ್ಕಿದ್ದನ್ನ ಹಿಡಿದು ಉಪ್ಪು ಮಾಡುತ್ತೆ. ಮುಟ್ಟೋದೂ ಬೇಡ, ಮುಚ್ಚಳ ತೆಗೆದಾಗ ಏಳೋ ಹೊಗೆ ಸಾಕು. ಈ ಕನ್ನಡಕದ ತಿರುಪನ್ನ ಎರಡು ಸಲ ತಿಂದುಹಾಕ್ತು. ನಾನು ಅಂಗಡೀಲಿ ಒಂದು ಮೊಳೆ ಇಟ್ಕೊಳ್ಳೋ ಹಾಗಿಲ್ಲ."

ಜೇಬಿನಲ್ಲಿ ಹನ್ನೊಂದು ಕೀಲಿಕೈ ಇದ್ದವು. ಅಂಗಡಿಯ ಮುಂದೆಯೇ ಕಾಲು ನಿಂತುಹೋಯಿತು. ಹನ್ನೊಂದು ಬಚ್ಚಲಿಗೆ ಬೀಗ ಹಾಕಿದವನು ನಾನು. ಗಾಳಿಕಿಂಡಿ ಮುಚ್ಚಿದವನು ನಾನು. ಹನ್ನೆರಡನೇ ಬಚ್ಚಲಿಗೆ ಬಡಗಿ ಇನ್ನೂ ಬಾಗಿಲು ತಂದಿರಲಿಲ್ಲ.

ಓಡಿಕೊಂಡೇ ಹೋಗಿ ನೋಡಿದೆ. ಬಾಗಿಲ ಬಿಜಾಗರಿಗಳು ಒಳಗಿನ ಮಗ್ಗುಲಲ್ಲಿ ತುಕ್ಕು, ಹೊರಗಿನ ಮಗ್ಗುಲಲ್ಲಿ ಹೊಸದರಂತೆ ಹೊಳಪು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು? ನಲ್ಲಿ ಅಸಲಿ. ಭಾವ ಅಸಲಿ. ನಕಲಿ ಎಂದು ಯಾರನ್ನಾದರೂ ಕರೆಯುವುದಿದ್ದರೆ ನನ್ನನ್ನು ಕರೆಯಬೇಕಿತ್ತು.

ಅವತ್ತು ಸಂಜೆ ಹೇಳಿಬಿಡೋಣವೆಂದೇ ಅಕ್ಕನ ಮನೆಗೆ ಹೋದೆ. ಭಾವ ಕಿಟಕಿಯ ಹತ್ತಿರ ಕೆಳಗೆ ಪೇಪರು ಹಾಸಿ, ಆ ಮೂರು ನಲ್ಲಿಗಳನ್ನು ಬಿಡಿಭಾಗ ಮಾಡಿ ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಖಾಲಿ ಡಬ್ಬಗಳು. ಒಂದೊಂದು ಚೂರನ್ನೂ ಬಟ್ಟೆಯಿಂದ ಉಜ್ಜಿ ಕಣ್ಣಿನ ಹತ್ತಿರ ಹಿಡಿಯುತ್ತಿದ್ದರು.

"ನಿನ್ನೆಯಿಂದ ಇದೇ ಕಥೆ ಕಣೋ," ಎಂದಳು ಅಕ್ಕ. "ಊಟಕ್ಕೆ ಕರೆದ್ರೆ ಕಿವಿಗೇ ಹಾಕ್ಕೊಳ್ಳಲ್ಲ. ನೀನಾದ್ರೂ ಆ ಮೇಡಂಗೆ ಹೇಳಬಾರದಾ, ಇವರು ಅಂಥವರಲ್ಲ ಅಂತ?"

"ಲೋ, ಇಲ್ಲಿ ಬಾ," ಎಂದರು ಭಾವ. "ನಿನ್ನ ಕಣ್ಣು ಸೂಕ್ಷ್ಮ. ಇದು ನಕಲಿನಾ? ಮೂವತ್ತು ವರ್ಷದಿಂದ ನಲ್ಲಿ ನೋಡ್ತಾ ಇದ್ದೀನಿ, ನನಗೆ ಅಸಲಿ ಹಾಗೇ ಕಾಣ್ತದೆ. ನನಗೇ ಏನಾದ್ರೂ ಕಣ್ಣು ಕೈಕೊಡ್ತಾ ಅಂತ."

ಕೈಗೆ ನಲ್ಲಿ ಕೊಟ್ಟರು. ತೂಕದ ನಲ್ಲಿ, ಒಳ್ಳೆಯ ಹಿತ್ತಾಳೆ. ಹೇಳಲು ಎರಡೇ ಮಾತು ಬೇಕಿತ್ತು. ಹೇಳಿದರೆ ಲೆವೆಲ್‌ಗೆ ಆಸಿಡ್ ಹಾಕುವುದೂ ಗೊತ್ತಿಲ್ಲವಂತೆ ಎಂದು ಊರೆಲ್ಲ ನಗುತ್ತದೆ ಎಂಬುದೊಂದೇ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಅಕ್ಕನ ಮೇಲೆ ಸಿಟ್ಟು ಬಂತು, ಭಾವನ ಮೇಲೆ ಇನ್ನೂ ಸಿಟ್ಟು ಬಂತು. ಈ ಮನುಷ್ಯ ಒಂದು ಸಲವಾದರೂ ಕೂಗಾಡಿ ಜಗಳ ತೆಗೆಯಬಾರದೇ?

"ಬೆಳಕು ಸಾಲದು ಭಾವ, ಗೊತ್ತಾಗ್ತಿಲ್ಲ," ಎಂದೆ.

ಅಕ್ಕ ತಟ್ಟೆ ಹಾಕಿದಳು. ನಾನು ಕೂತೆ ಎಂದು ಭಾವನೂ ಎದ್ದು ಬಂದು ಕೂತರು. ಊಟ ಮಾಡಿ ಬಂದೆ.

ಬುಧವಾರ, ಗುರುವಾರ ಎರಡು ದಿನ ಸೋಡಾ ನೀರು, ಬರೀ ನೀರು, ಮತ್ತೆ ಬರೀ ನೀರು. ಗಾಳಿಕಿಂಡಿಯ ಹಾಳೆ ಕಿತ್ತು ಬಿಸಾಕಿದೆ, ಬೀಗಗಳನ್ನು ಚೀಲಕ್ಕೆ ತುಂಬಿದೆ. ಗುರುವಾರ ಸಂಜೆಯ ಹೊತ್ತಿಗೆ ನೆಲ ಒಣಗಿತ್ತು. ಒಂದು ಚೂರೂ ಹುಡಿ ಇಲ್ಲ. ಎಂಜಿನಿಯರಮ್ಮ ಬಂದು ಬಗ್ಗಿ ನೋಡಿ, "ಕೆಲಸ ಅಂದ್ರೆ ಇದು," ಎಂದಳು. ಮೂರು ವಾರದಿಂದ ಕೇಳಲು ಕಾದಿದ್ದ ಮಾತು. ಕೇಳಿ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದೆ. ಇನ್ನು ಆಸಿಡ್ಡಿನ ಗುರುತೇ ಇಲ್ಲ. ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಶುಕ್ರವಾರ ಹೊಸ ನಲ್ಲಿಯವನು ಬಂದ. ಎಂಜಿನಿಯರಮ್ಮ ನನ್ನನ್ನು ಆಫೀಸಿಗೆ ಕರೆದು ಒಂದು ಕಾಗದ ಮುಂದಿಟ್ಟಳು. ಇಂಥ ನಲ್ಲಿ ಕೆಲಸದವರು ಅಸಲಿ ಮಾಲು ಬದಲಾಯಿಸಿ ನಕಲಿ ಹಾಕಿದ್ದಾರೆ, ಇವರನ್ನು ಯಾವ ಕೆಲಸಕ್ಕೂ ಸೇರಿಸಬಾರದು ಎಂದು ಬರೆದಿತ್ತು. ಊರಿನ ಕಂಟ್ರಾಕ್ಟರುಗಳಿಗೆಲ್ಲ ಹೋಗುವ ಕಾಗದ.

"ಸಾಕ್ಷಿ ಅಂತ ಇಲ್ಲಿ ಸೈನ್ ಹಾಕಿ. ಸಂಬಂಧಿಕರೇ ಹಾಕಿದ್ರೆ ಯಾರೂ ಎದುರು ಮಾತಾಡಲ್ಲ. ನೀವೇ ಅವತ್ತು ಹೇಳಿದ್ರಲ್ಲ, ಮಾಲು ನಕಲಿ ಅಂತ."

ಪೆನ್ನು ಕೈಗೆ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ತೆಗೆದುಕೊಂಡೆ. ಹೊಸ ನಲ್ಲಿಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕಾಗದದ ಮೇಲೆ ಭಾವನ ಹೆಸರು ಪೂರ್ತಿ ಬರೆದಿತ್ತು. ಹದಿನೆಂಟು ವರ್ಷದಲ್ಲಿ ಅವರ ಪೂರ್ತಿ ಹೆಸರನ್ನು ಅಕ್ಷರದಲ್ಲಿ ನೋಡಿದ್ದು ಅದೇ ಮೊದಲು. ಪೆನ್ನು ಮೇಜಿನ ಮೇಲಿಟ್ಟೆ.

"ನಲ್ಲಿ ನಕಲಿ ಅಲ್ಲ ಮೇಡಂ. ನನ್ನ ಆಸಿಡ್ಡಿನ ಹೊಗೆ ತಿಂದಿದ್ದು. ನಾನೇ ಬಾಗಿಲು ಮುಚ್ಚಿದ್ದೆ."

ಇಷ್ಟು ಹೇಳಲು ನಾಲ್ಕು ದಿನ ಬೇಕಾಗಿತ್ತು. ಅವಳು ನಕ್ಕಳು.

"ಅಕ್ಕನ ಗಂಡನ್ನ ಉಳಿಸೋಕೆ ಹೇಳ್ತಿದ್ದೀರಿ. ನೆಲ ಅಷ್ಟು ಚೆನ್ನಾಗಿದೆ, ಎಲ್ಲಿದೆ ಆಸಿಡ್ಡು?"

ನೋಡಿ ಹಣೆಬರಹ. ಸುಳ್ಳು ಹೇಳಿದಾಗ ನಂಬಿದಳು, ನಿಜ ಹೇಳಿದರೆ ನಂಬುವುದಿಲ್ಲ. ಬಿಜಾಗರಿ ತೋರಿಸಿದೆ, ಬಾಗಿಲಿಲ್ಲದ ಹನ್ನೆರಡನೇ ಬಚ್ಚಲು ತೋರಿಸಿದೆ. ತಲೆ ಅಲ್ಲಾಡಿಸಿದಳು. ಕೊನೆಗೆ ನನಗೆ ರೇಗಿತು.

"ನಿಮ್ಮ ಹತ್ತಿರ ಹೊಸ ನಲ್ಲಿ, ಜಾಲರಿ ಇವೆಯಲ್ಲ, ನೀವೇ ಡಬ್ಬ ಒಡೆದು ಕೊಡಿ. ನಾಲ್ಕನೇ ಬಾತ್‌ರೂಮಲ್ಲಿ ಇಡ್ತೀನಿ. ಮೊದಲಿನ ಹಾಗೇ ಆಸಿಡ್ ಹಾಕ್ತೀನಿ, ಮೊದಲಿನ ಹಾಗೇ ಮುಚ್ತೀನಿ. ಕೀಲಿಕೈ ನಿಮ್ಮ ಹತ್ರ ಇರಲಿ."

ಎರಡು ದಿನ ಬೆನ್ನು ಮುರಿದು ತೊಳೆದ ನೆಲಕ್ಕೆ ನನ್ನ ಕೈಯಾರೆ ಮತ್ತೆ ಆಸಿಡ್ ಸುರಿದೆ. ನೊರೆ ಏಳುವುದನ್ನು ನೋಡುತ್ತಾ ನಿಲ್ಲಲಿಲ್ಲ. ಹಾಳೆ ಅಂಟಿಸಿ, ಬೀಗ ಹಾಕಿ, ಕೀಲಿಕೈ ಅವಳ ಅಂಗೈಗೆ ಹಾಕಿದೆ.

ಶನಿವಾರ ಬೆಳಗ್ಗೆ ಅವಳೇ ಬೀಗ ತೆಗೆದಳು. ಘಾಟು ಮೂಗಿಗೆ ಹೊಡೆಯಿತು. ಕಟ್ಟೆಯ ಮೇಲಿಟ್ಟಿದ್ದ ನಲ್ಲಿಯ ಹೊಳಪು ಹೋಗಿ ಸಂದಿನಲ್ಲಿ ಹಸಿರು ಕಾಣಿಸಿತ್ತು, ಪಕ್ಕದ ಹೊಸ ಜಾಲರಿ ಕಂದಾಗಿತ್ತು. ನೆಲದ ಸಂದಿನಲ್ಲಿ ಬಿಳಿ ಹುಡಿ ತಲೆಯೆತ್ತಿತ್ತು. ಅವಳು ನಲ್ಲಿ ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಆ ಕಾಗದವನ್ನು ನನ್ನೆದುರಿಗೇ ಹರಿದಳು. ಭಾವನಿಗೆ ಫೋನ್ ಮಾಡಿ, ತಪ್ಪಾಯಿತು, ಬನ್ನಿ ಎಂದಳು. ಅವಳು ಅಷ್ಟು ಮಾತು ಆಡಿದ್ದು ದೊಡ್ಡದೇ. ನನಗೆ ಮಾತ್ರ, "ಮೇಲಿನ ಎರಡು ಮಹಡಿಗೆ ಬೇರೆಯವರನ್ನ ನೋಡ್ಕೋತೀನಿ," ಎಂದಳು. ಅದು ಬರುತ್ತದೆಂದು ಗೊತ್ತಿತ್ತು. ಬಂದಾಗ ಅಷ್ಟೇನೂ ಉರಿಯಲಿಲ್ಲ.

ಭಾವ ಬಂದರು. ಎಂಜಿನಿಯರಮ್ಮ ಎಲ್ಲ ವಿವರಿಸಿ ಹೋದಳು. ನಾಲ್ಕನೇ ಬಚ್ಚಲಲ್ಲಿ ನಾವಿಬ್ಬರೇ ಉಳಿದೆವು. ಭಾವ ಆ ನಲ್ಲಿ ಎತ್ತಿಕೊಂಡು, ಹೆಬ್ಬೆರಳಿನಿಂದ ಹಸಿರು ಒರೆಸಿ ನೋಡಿದರು.

"ನನ್ನ ಕಣ್ಣೇನೂ ಕೆಟ್ಟಿಲ್ಲ ಹಾಗಾದ್ರೆ," ಎಂದರು. ಮುಖದಲ್ಲಿ ನಗುವಿನ ಹಾಗೆ ಏನೋ ಬಂತು. ನನಗೆ ಜೀವ ಬಂದ ಹಾಗಾಯಿತು.

"ಗೊತ್ತಿಲ್ಲದೆ ಆಗಿಹೋಯ್ತು ಭಾವ. ಆಸಿಡ್ ಅಂಗಡಿ ಅಜ್ಜಿ ಹೇಳೋ ತನಕ ನನಗೂ ಹೊಳೀಲಿಲ್ಲ."

"ಯಾರಿಗೆ ಗೊತ್ತಿರುತ್ತೆ ಬಿಡು. ನಾನೂ ಬೀಗ ನೋಡಿದ್ದೆ, ನನಗೂ ಹೊಳೀಲಿಲ್ಲ." ಸ್ಪ್ಯಾನರು ತೆಗೆದು ಗೋಡೆಯ ನಲ್ಲಿಗೆ ಹಾಕಿದರು. "ಅಜ್ಜಿ ಯಾವತ್ತು ಹೇಳಿದ್ದು?"

ಶುಕ್ರವಾರ ಅನ್ನಬಹುದಿತ್ತು. ಅಜ್ಜಿಯನ್ನು ಯಾರೂ ಹೋಗಿ ಕೇಳುತ್ತಿರಲಿಲ್ಲ.

"ಮಂಗಳವಾರ," ಎಂದೆ.

ಸ್ಪ್ಯಾನರು ನಿಂತಿತು.

"ಬೆಳಗ್ಗೆನಾ, ಸಂಜೆನಾ?"

"ಬೆಳಗ್ಗೆ."

ಭಾವ ಗೋಡೆಯ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದರು. ನಾನು ಅಭ್ಯಾಸಬಲದಿಂದ ಕೈ ಚಾಚಿ ಕೆಳಗಿನಿಂದ ನಲ್ಲಿ ಹಿಡಿದುಕೊಂಡಿದ್ದೆ.

"ಸಂಜೆ ನಮ್ಮನೆಗೆ ಬಂದಿದ್ದೆ," ಎಂದರು. ದನಿ ಏರಿಸಲಿಲ್ಲ. "ನಕಲಿನಾ ಅಂತ ನಿನ್ನ ಕೈಗೆ ಕೊಟ್ಟು ಕೇಳಿದೆ. ನೀನು ಕೂತ್ಕೊಂಡು ಊಟ ಮಾಡಿದೆ."

ನಾನು ನಲ್ಲಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ಕೈ ತೆಗಿ," ಎಂದರು. "ನಾನೊಬ್ನೇ ಬಿಚ್ಕೋತೀನಿ."

ಕೈ ತೆಗೆದೆ. ಹಿಡಿಯುವವರಿಲ್ಲದೆ ಬಿಚ್ಚುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅವರು ನಲ್ಲಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಎಡಗೈಯನ್ನು ಗೋಡೆಗೆ ಊರಿ, ಬಲಗೈಯಲ್ಲಿ ತಿರುಗಿಸಿದರು. ಒಂದು ಸಲ ಜಾರಿತು, ಮತ್ತೆ ಹಿಡಿದರು. ಅದು ಬಿಚ್ಚಿಕೊಂಡಿತು. ಬಕೆಟ್ಟಿಗೆ ಹಾಕಿ, ನನ್ನನ್ನು ದಾಟಿಕೊಂಡು ಮುಂದಿನ ಬಚ್ಚಲಿಗೆ ಹೋದರು.